ಕೆರೆ–ಹಿನ್ನೀರಿಗೆ ಗಟ್ಟಿ ಲ್ಯೂರ್: ಆಯ್ಕೆ, ಬಳಕೆ ಮತ್ತು ದಾಸ್ತಾನು

ಮೀನುಗಾರಿಕೆ ಸಾಮಗ್ರಿ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಅಂಗಡಿಗಳಲ್ಲಿ ಬಹುಕಾಲದಿಂದ ನೈಲಾನ್ ಬಲೆ, ದಾರ, ಗಾಳ ಮತ್ತು ಸೀಸದ ಗುಂಡು ಇಷ್ಟೇ. ಹವ್ಯಾಸಿ ಗಾಳಗಾರರು ಕೇಳುವ ‘ಲ್ಯೂರ್’ ಇವುಗಳಿಗಿಂತ ಭಿನ್ನವಾದ ಸರಕು. ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಚಿಕ್ಕ ಮೀನಿನ ಆಕಾರದಲ್ಲಿ ಮಾಡಿ, ಹೊಟ್ಟೆ ಮತ್ತು ಬಾಲದ ಬಳಿ ಗಾಳ ತೂಗಿಸಿದ ಕೃತಕ ಎರೆಯೇ ಗಟ್ಟಿ ಲ್ಯೂರ್. ಬಣ್ಣಕ್ಕೆ ಮರುಳಾಗಿ ಡಜನ್‌ಗಟ್ಟಲೆ ತರಿಸಿದ ವರ್ತಕನಿಗೆ ಅದು ಕಪಾಟಿನಲ್ಲೇ ಉಳಿಯುವ ಮಾಲು; ನೀರನ್ನು ನೋಡಿ ತರಿಸಿದವನಿಗೆ ಗಿರಾಕಿ ಮತ್ತೆ ಬರುವ ಮಾಲು.

ಮೊದಲು ತಿಳಿಯಬೇಕಾದುದು ಯಾವ ಮೀನಿಗೆ ಎಂಬುದು. ಕೆರೆಗಳಲ್ಲಿ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಬೇಟೆಯಾಡುವವಲ್ಲ. ಅವುಗಳಿಗೆ ಲ್ಯೂರ್ ಮಾರುವುದು ವ್ಯರ್ಥ. ಲ್ಯೂರ್ ನಡೆಯುವುದು ಕೊರವ ಮತ್ತು ಬಾಳೆ ಮೀನಿನಂತಹ ಪರಭಕ್ಷಕಗಳಿಗೆ. ಕೊರವ ನೀರಿನ ಮೇಲೆ ಬಂದು ಗಾಳಿ ನುಂಗುವ ಮೀನು. ದಡದ ಜೊಂಡು, ಕಳೆಯ ಅಂಚಿನಲ್ಲಿ ಹೊಂಚು ಹಾಕಿರುತ್ತದೆ. ಬಿತ್ತನೆ ಮರಿಗಳನ್ನು ತಿನ್ನುವುದರಿಂದ ಕೆರೆಯ ಗುತ್ತಿಗೆದಾರನಿಗೆ ಅದು ಕಂಟಕ. ಆದರೆ ಮಾರುಕಟ್ಟೆಯಲ್ಲಿ ಬೆಲೆಯುಳ್ಳ ಮೀನೂ ಹೌದು. ಬಾಳೆ ಮೀನು ಆಳದಲ್ಲಿರುವುದು, ಕತ್ತಲಾದ ಮೇಲೆ ಚುರುಕಾಗುವುದು.

ಈ ಐದು ತಾಲ್ಲೂಕುಗಳ ನೀರು ಒಂದೇ ಬಗೆಯದಲ್ಲ. ಹಡಗಲಿ, ಹರಪನಹಳ್ಳಿಗಳ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಹಗರಿಬೊಮ್ಮನಹಳ್ಳಿಗೆ ತುಂಗಭದ್ರಾ ಹಿನ್ನೀರು ಮತ್ತು ಮಾಲವಿ ಜಲಾಶಯ ಎರಡೂ ಇವೆ. ಕೂಡ್ಲಿಗಿ, ಕೊಟ್ಟೂರುಗಳಿಗೆ ಕೆರೆಗಳೇ ಗತಿ. ಮಳೆ ಕೈಕೊಟ್ಟರೆ ಕೆರೆಯೊಂದಿಗೆ ಈ ವ್ಯಾಪಾರವೂ ಒಣಗುತ್ತದೆ. ಆದ್ದರಿಂದ ಕೂಡ್ಲಿಗಿಯ ಅಂಗಡಿ ಮತ್ತು ಹಗರಿಬೊಮ್ಮನಹಳ್ಳಿಯ ಅಂಗಡಿ ಒಂದೇ ಮಾಲನ್ನು ಇಡುವುದು ಸರಿಯಲ್ಲ.

ಲ್ಯೂರ್ ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ಅದರ ಮೂತಿಯಲ್ಲಿರುವ ಪಾರದರ್ಶಕ ನಾಲಿಗೆ ಹೇಳುತ್ತದೆ. ನಾಲಿಗೆ ಉದ್ದವಾಗಿ ಮೈಗೆ ಸಮಾನಾಂತರವಾಗಿ ಚಾಚಿದ್ದರೆ ಎಳೆದಾಗ ಆಳಕ್ಕೆ ಧುಮುಕುತ್ತದೆ. ಚಿಕ್ಕದಾಗಿ ಕೆಳಮುಖವಾಗಿದ್ದರೆ ಮೇಲ್ಮಟ್ಟದಲ್ಲೇ ಓಡುತ್ತದೆ. ನಾಲಿಗೆಯೇ ಇಲ್ಲದ ತೇಲುವ ಬಗೆಗಳಲ್ಲಿ ಮೂತಿ ಕುಳಿಯಾಗಿದ್ದರೆ ಅದು ನೀರನ್ನು ‘ಗುಳುಂ’ ಎಂದು ಚಿಮ್ಮಿಸುತ್ತದೆ. ಇದನ್ನು ಪಾಪರ್ ಎನ್ನುತ್ತಾರೆ. ತಗ್ಗು ಕೆರೆಗೆ ಪಾಪರ್ ಮತ್ತು ಚಿಕ್ಕ ನಾಲಿಗೆಯವು, ಹಿನ್ನೀರಿನ ಆಳಕ್ಕೆ ಉದ್ದ ನಾಲಿಗೆಯವು ಸಾಕು. ದಟ್ಟ ಕಳೆಯ ನಡುವೆ ಮಾತ್ರ ಯಾವ ಗಟ್ಟಿ ಲ್ಯೂರೂ ನಡೆಯದು, ಗಾಳ ಕಳೆಗೇ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಮೆತ್ತನೆಯ ರಬ್ಬರ್ ಕಪ್ಪೆಯೇ ಮೇಲು. ಗಿರಾಕಿಗೆ ಇದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು.

ಬಣ್ಣದ ವಿಚಾರ ಅಷ್ಟು ದೊಡ್ಡದಲ್ಲ. ತಿಳಿನೀರಿಗೆ ಬೆಳ್ಳಿ ಹೊಳಪು, ಮಳೆಗಾಲದ ಕೆಂಪು ನೀರಿಗೆ ಕಪ್ಪು ಅಥವಾ ಎದ್ದುಕಾಣುವ ಹಳದಿ, ಜೊತೆಗೆ ಒಳಗೆ ಗುಂಡುಗಳಿದ್ದು ಸದ್ದು ಮಾಡುವ ಬಗೆ. ಒಟ್ಟು ಮೂರು ಬಣ್ಣಗಳಿಗಿಂತ ಹೆಚ್ಚು ದಾಸ್ತಾನು ಅನಗತ್ಯ.

ಬಣ್ಣಕ್ಕಿಂತ ಕಬ್ಬಿಣದ ಭಾಗಗಳನ್ನು ಪರೀಕ್ಷಿಸಬೇಕು. ಅಗ್ಗದ ಲ್ಯೂರುಗಳಲ್ಲಿ ಮೈ ಚೆನ್ನಾಗಿದ್ದು ಮೂರು ಮುಳ್ಳಿನ ಗಾಳ ಮತ್ತು ಉಂಗುರ ಕಳಪೆಯಾಗಿರುವುದುಂಟು. ದೊಡ್ಡ ಮೀನು ಜಗ್ಗಿದಾಗ ಗಾಳ ನೆಟ್ಟಗಾಗುತ್ತದೆ, ದೂರು ಅಂಗಡಿಗೆ ಬರುತ್ತದೆ. ಮಾದರಿಗೆ ಬಂದ ಲ್ಯೂರಿನ ಉಂಗುರಕ್ಕೆ ತೂಕ ತೂಗಿಸಿ ನೋಡುವುದು ಅತಿ ಸರಳ ಪರೀಕ್ಷೆ. ಪ್ಲಾಸ್ಟಿಕ್ಕಿನದು ಎರಡು ಹೋಳುಗಳನ್ನು ಬೆಸೆದು ಮಾಡಿದ್ದು. ಬೆಚ್ಚಗಿನ ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಹೊರಟರೆ ಬೆಸುಗೆ ಬಿಟ್ಟಿದೆಯೆಂದೇ ಅರ್ಥ. ನೀರು ಹೊಕ್ಕ ಲ್ಯೂರ್ ತೂಕದ ಸಮತೋಲ ತಪ್ಪಿ ಓಡುವುದೇ ಇಲ್ಲ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬೈಕಿನ ಪೆಟ್ಟಿಗೆಯೊಳಗೆ ಬಿಟ್ಟ ಲ್ಯೂರಿನ ಬೆಸುಗೆ ಒಳಗಿನ ಗಾಳಿ ಹಿಗ್ಗಿ ಬಿಡಬಹುದು. ಅಂಗಡಿಯ ಬಿಸಿಲು ಬೀಳುವ ಗಾಜಿನ ಕಪಾಟಿಗೂ ಇದೇ ಮಾತು.

ಬಳಕೆಯಲ್ಲಿ ಹೊಸಬರು ಮಾಡುವ ತಪ್ಪು ಒಂದೇ ವೇಗದಲ್ಲಿ ಎಳೆಯುವುದು. ಗಾಯಗೊಂಡ ಮರಿಮೀನು ಹಾಗೆ ಈಜುವುದಿಲ್ಲ. ಎರಡು ಸಲ ಜಗ್ಗಿ, ನಿಲ್ಲಿಸಿ, ಮತ್ತೆ ಜಗ್ಗಬೇಕು. ನಿಂತ ಗಳಿಗೆಯಲ್ಲೇ ಏಟು ಬೀಳುವುದು ಹೆಚ್ಚು. ಬೆಳಗಿನ ಜಾವ ಮತ್ತು ಸಂಜೆ ಸೂಕ್ತ ಸಮಯ. ಬಾಳೆ ಮೀನಿನ ಹಲ್ಲು ದಾರವನ್ನು ಹರಿಯುವುದರಿಂದ ಲ್ಯೂರಿನ ಮುಂದೆ ಗೇಣುದ್ದ ತಂತಿ ಇರಬೇಕು. ಎಳೆದಾಗ ಲ್ಯೂರ್ ಒಂದು ಬದಿಗೆ ವಾಲಿದರೆ ಮೂತಿಯ ಕೊಂಡಿಯನ್ನು ವಿರುದ್ಧ ಬದಿಗೆ ಕೂದಲೆಳೆಯಷ್ಟು ಬಗ್ಗಿಸಿದರೆ ಸರಿಹೋಗುತ್ತದೆ.

ಸಣ್ಣ ತಯಾರಕರಿಗೂ ಇಲ್ಲಿ ಅವಕಾಶವಿದೆ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲ 1936ರಲ್ಲಿ ತನ್ನ ಮೊದಲ ಲ್ಯೂರನ್ನು ಬೆಂಡಿನಿಂದ ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ ಮಾಡಿದ್ದ. ಅದೇ ಹೆಸರಿನ ಕಂಪನಿ ಇಂದು ಜಗತ್ತಿನಾದ್ಯಂತ ಮಾರುತ್ತದೆ. ಪ್ರತಿ ಲ್ಯೂರನ್ನೂ ನೀರಿನ ತೊಟ್ಟಿಯಲ್ಲಿ ಓಡಿಸಿ ನೋಡಿಯೇ ಕಳುಹಿಸುವುದು ಅದರ ಹೆಸರಿಗೆ ಕಾರಣಗಳಲ್ಲೊಂದು. ದುಂಡನೆಯ ಪಾಪರನ್ನು ಮರದ ಲೇತಿನಲ್ಲಿ ಕಡೆಯಬಹುದು. ಮೈಯುದ್ದಕ್ಕೂ ಒಂದೇ ತಂತಿ ಹಾಯಿಸಿ ಎರಡೂ ತುದಿಗೆ ಕೊಂಡಿ ಮಾಡಿದರೆ ಮರ ಸೀಳಿದರೂ ಮೀನು ತಪ್ಪದು. ನಾಲಿಗೆಯ ಬಗೆಗೆ ಕೈಹಾಕುವುದು ಅನಂತರವೇ ಸರಿ. ಅಲ್ಲಿ ಸೀಳು ತುಸು ಓರೆಯಾದರೂ ಮಾಲು ವಾಪಸ್. ಈ ಸಾಮಗ್ರಿಗಳು ತೆರಿಗೆ ಪಟ್ಟಿಯ 9507ನೇ ಶೀರ್ಷಿಕೆಯಡಿ ಬರುತ್ತವೆ. ಬಿಲ್ಲಿನಲ್ಲಿ ಆಟಿಕೆಯೆಂದು ನಮೂದಿಸಬಾರದು.

ಮಾರುವಾಗ ಗಿರಾಕಿಗೆ ಹೇಳಲೇಬೇಕಾದ ಮಾತೊಂದಿದೆ. ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೊಂದಿದೆ. ಕೆರೆಗಳು ಸಾಮಾನ್ಯವಾಗಿ ಗುತ್ತಿಗೆಯಲ್ಲಿರುತ್ತವೆ. ಗಾಳ ಹಾಕುವ ಮುನ್ನ ಮೀನುಗಾರಿಕೆ ಇಲಾಖೆ ಹಾಗೂ ಗುತ್ತಿಗೆದಾರರ ಒಪ್ಪಿಗೆ ಬೇಕು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ ಇದೆ. ಅತ್ತ ಗಾಳ ಒಯ್ಯುವಂತಿಲ್ಲ. ಮರಿಗಳ ಗುಂಪನ್ನು ಕಾಯುತ್ತಿರುವ ಕೊರವ ಹತ್ತಿರ ಬಂದ ಯಾವುದಕ್ಕೂ ಎರಗುತ್ತದೆ, ಹಿಡಿಯುವುದು ಬಲು ಸುಲಭ. ಹಾಗೆ ಹಿಡಿದರೆ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ, ಮುಂದಿನ ವರ್ಷ ಆ ಕೆರೆಗೆ ಲ್ಯೂರ್ ಕೊಳ್ಳುವವರೂ ಇರುವುದಿಲ್ಲ.