ಅದೇ ತರಗತಿಯಲ್ಲಿ ಇನ್ನೊಂದು ವರ್ಷ

2025ರ ಮೇ ತಿಂಗಳಿನಲ್ಲಿ ಬಾಗಲಕೋಟೆಯ ಮನೆಯೊಂದರಲ್ಲಿ, ಎಸ್ಸೆಸ್ಸೆಲ್ಸಿಯ ಆರೂ ವಿಷಯಗಳಲ್ಲಿ ಅನುತ್ತೀರ್ಣನಾದ ಮಗನಿಗೆ ಕೇಕ್ ಕತ್ತರಿಸಿ ತಿನ್ನಿಸಿದ ಸುದ್ದಿ ನಾಡಿನಾಚೆಗೂ ಹಬ್ಬಿತು. ಸೋಲಿಗೂ ಸಂಭ್ರಮವೇ ಎಂದು ಹುಬ್ಬೇರಿಸಿದವರುಂಟು. ಆರೋಗ್ಯದ ದೃಷ್ಟಿಯಿಂದ ಆ ತಂದೆತಾಯಿಗಳು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಫಲಿತಾಂಶದ ಮರುದಿನಗಳಲ್ಲಿ ಮಗುವಿಗೆ ಮೊದಲು ಬೇಕಾದುದು ಮನೆಯವರ ಆಸರೆ, ವಿಚಾರಣೆ ಆಮೇಲಿನದು.

ಕಠಿಣವಾದ ಕಾಲ ಬರುವುದು ಜೂನ್‌ನಲ್ಲಿ. ಜೊತೆಯವರು ಕಾಲೇಜಿನ ಬಸ್ಸು ಹತ್ತುತ್ತಾರೆ. ಈ ಮಗು ತನಗಿಂತ ಚಿಕ್ಕವರ ಪಕ್ಕದಲ್ಲಿ ಕೂರಬೇಕು. ಆಗ ಮುಂಜಾನೆ ಬರುವ ಹೊಟ್ಟೆನೋವು, ತಲೆನೋವುಗಳನ್ನು ನೆಪವೆಂದು ತಳ್ಳಿಹಾಕಬಾರದು. ಮನಸ್ಸಿನ ನೋವು ದೇಹದಲ್ಲಿ ಕಾಣಿಸಿಕೊಳ್ಳುವ ರೀತಿಯೇ ಅದು.

ಸೋತದ್ದೇಕೆ ಎಂದು ತಿಳಿಯದೆ ಮತ್ತೆ ಅದೇ ಬೆಂಚಿಗೆ ಕಳುಹಿಸಿದರೆ ಪ್ರಯೋಜನವೇನು? ದೃಷ್ಟಿ, ಶ್ರವಣ, ರಕ್ತಹೀನತೆಗಳ ತಪಾಸಣೆಯಾಗಲಿ. ಬುದ್ಧಿ ಚುರುಕಾಗಿದ್ದೂ ಅಕ್ಷರ, ಅಂಕಿಗಳು ಮಾತ್ರ ಹಿಡಿತಕ್ಕೆ ಸಿಗದ ಕಲಿಕಾ ತೊಂದರೆಯೂ ಇರಬಹುದು. ಬಾದಾಮಿ, ಹುನಗುಂದ ಭಾಗಗಳಿಂದ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುವ ಕುಟುಂಬಗಳ ಮಕ್ಕಳಿಗೆ ತಪ್ಪಿದ್ದು ಬುದ್ಧಿಯಲ್ಲ, ಶಾಲೆಯ ದಿನಗಳು.

ಇಳಕಲ್ಲಿನ ನೇಕಾರ ಮನೆಗಳಲ್ಲಿ ಮಗುವನ್ನು ಮಗ್ಗಕ್ಕೆ ಕೂರಿಸಿಬಿಡುವ ಯೋಚನೆ ಬರುವುದು ಸಹಜ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಆ ವಿದ್ಯೆ ಯಾವ ಪರೀಕ್ಷೆಗೂ ಕಡಿಮೆಯದಲ್ಲ. ಆದರೆ ಫೇಲಾದದ್ದಕ್ಕೆ ಶಿಕ್ಷೆಯಾಗಿ ಅದನ್ನು ಕೊಟ್ಟರೆ ಮಗುವಿಗೂ ಅವಮಾನ, ಕಾಯಕಕ್ಕೂ ಅಪಚಾರ. ಶಾಲೆ ಬಿಟ್ಟು ಖಾಲಿ ತಿರುಗುವ ವಯಸ್ಸಿನಲ್ಲಿ ಗುಟ್ಕಾ ಕೈಗೆ ಬರಲು ಹೆಚ್ಚು ಕಾಲ ಬೇಕಿಲ್ಲ. ಇದೇ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರಲ್ಲಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. "ಅವರ ಮಗನನ್ನು ನೋಡು" ಎಂಬ ಹೋಲಿಕೆಯ ಚಟವನ್ನು ಹಿರಿಯರೂ ಆ ಜೋಳಿಗೆಗೆ ಹಾಕಬಹುದಿತ್ತು.

ಹತ್ತನೆಯ ತರಗತಿಯವರು ವರ್ಷವಿಡೀ ಕಾಯಲೇಬೇಕೆಂದಿಲ್ಲ. 2024ರಲ್ಲಿ ಪೂರಕ ಪರೀಕ್ಷೆಯ ಪದ್ಧತಿಯನ್ನು ಕೈಬಿಟ್ಟು, ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ ಕಲ್ಪಿಸಲಾಯಿತು. ಈಗಿನ ನಿಯಮವನ್ನೂ ಮರುದಾಖಲಾತಿಯ ವಿಷಯವನ್ನೂ ಮುಖ್ಯೋಪಾಧ್ಯಾಯರಲ್ಲಿ ಕೂಡಲೇ ವಿಚಾರಿಸಬೇಕು. ಓದಿನ ಹೆಸರಿನಲ್ಲಿ ನಿದ್ರೆಗೆಡಿಸುವುದು ಬೇಡ. ಈ ವಯಸ್ಸಿಗೆ 8 ಗಂಟೆಯ ನಿದ್ರೆಯಾದರೂ ಅವಶ್ಯ.

ಎರಡು ವಾರ ಕಳೆದರೂ ಊಟ, ನಿದ್ರೆ, ಗೆಳೆಯರ ಸಂಗ ಯಾವುದೂ ಬೇಡವೆಂದರೆ ವೈದ್ಯರನ್ನು ಕಾಣುವುದು ಲೇಸು. "ನಾನಿದ್ದೇನು ಉಪಯೋಗ" ಎಂಬಂಥ ಮಾತು ಬಂದರೆ ಎರಡು ವಾರ ಕಾಯಬಾರದು. ಸಾಯುವ ವಿಚಾರ ಬರುತ್ತಿದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆಂದು ತಂದಿಟ್ಟ ಕ್ರಿಮಿನಾಶಕವನ್ನು ಅಂದೇ ಬೀಗದೊಳಗೆ ಇಡಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯುಂಟು. ಯಾವ ಮಂಗಳವಾರವೆಂದು ಮೊದಲೇ ಕೇಳಿಕೊಂಡು ಹೋಗುವುದು ಒಳಿತು.