ಒಂದು ಹನಿ ರಕ್ತದ ತೂಕ

2007ರ ಜುಲೈನಲ್ಲಿ ಭಾರತದ ಎಚ್‌ಐವಿ ಸೋಂಕಿತರ ಸಂಖ್ಯೆ ಏಕಾಏಕಿ ಅರ್ಧಕ್ಕಿಂತ ಕೆಳಗಿಳಿಯಿತು. ಹಿಂದಿನ ವರ್ಷ 52 ಲಕ್ಷ ಎಂದಿದ್ದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಈಗ 25 ಲಕ್ಷ ಎಂದಿತು. ಯಾರಿಗೂ ಕಾಯಿಲೆ ವಾಸಿಯಾಗಿರಲಿಲ್ಲ. ಎಣಿಸುವ ಬಗೆ ಬದಲಾಗಿತ್ತು, ಅಷ್ಟೇ.

ಅಲ್ಲಿಯವರೆಗೆ ಲೆಕ್ಕಕ್ಕೆ ಆಧಾರವಾಗಿದ್ದದ್ದು ಮುಖ್ಯವಾಗಿ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಬರುವ ಗರ್ಭಿಣಿಯರು, ಲೈಂಗಿಕ ರೋಗಗಳ ಕ್ಲಿನಿಕ್ಕಿಗೆ ಬರುವವರು. ಆದರೆ ಖಾಸಗಿ ವೈದ್ಯರು ಸೋಂಕಿನ ಸಂಶಯ ಬಂದವರನ್ನು ಸರ್ಕಾರಿ ಆಸ್ಪತ್ರೆಗೆ ದಾಟಿಸುತ್ತಿದ್ದರೆ ಅಲ್ಲಿನ ಲೆಕ್ಕ ಉಬ್ಬದೆ ಇರುತ್ತದೆಯೇ? ಗುಂಟೂರು ಜಿಲ್ಲೆಯಲ್ಲಿ ಜನರ ನಡುವೆಯೇ ಹೋಗಿ ಪರೀಕ್ಷಿಸಿದ ಲಲಿತ್ ದಂಡೋನ ಅವರ ತಂಡ 2006ರಲ್ಲಿ ಇದನ್ನೇ ತೋರಿಸಿತು.

ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2005–06) ಮನೆ ಬಾಗಿಲಿಗೇ ಹೋಯಿತು. ಬೆರಳಿಗೆ ಚುಚ್ಚಿ, ರಕ್ತದ ಹನಿಯನ್ನು ಶೋಧಕ ಕಾಗದದ ಮೇಲೆ ಒಣಗಿಸಿ, ಹೆಸರಿಲ್ಲದೆ ಪ್ರಯೋಗಾಲಯಕ್ಕೆ ಕಳಿಸಿದರು. ಹೀಗೆ ಪರೀಕ್ಷೆಗೊಳಗಾದವರು ಒಂದು ಲಕ್ಷಕ್ಕೂ ಹೆಚ್ಚು. ಸೋಂಕು ಹೆಚ್ಚಿದ್ದ ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ತಮಿಳುನಾಡು, ಮಣಿಪುರಗಳಿಂದ ಬೇಕೆಂದೇ ಹೆಚ್ಚು ಜನರನ್ನು ಆರಿಸಿದ್ದರು. ಇಲ್ಲದಿದ್ದರೆ ಆಯಾ ರಾಜ್ಯದ ಪ್ರಮಾಣ ಹೇಳಲು ಆಗುತ್ತಿರಲಿಲ್ಲ.

ತೊಡಕು ಹುಟ್ಟುವುದೇ ಇಲ್ಲಿ. ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಇಲ್ಲಿರುವುದು ಹಲವು ಪಾತ್ರೆಗಳು. ಒಂದು ಕೋಟಿ ಜನರ ರಾಜ್ಯದಲ್ಲಿ ಪರೀಕ್ಷಿಸಿದ ಸಾವಿರ ಮಂದಿಯ ಪೈಕಿ 10 ಜನರಿಗೆ ಸೋಂಕು, ಒಂಬತ್ತು ಕೋಟಿಯ ರಾಜ್ಯದಲ್ಲೂ ಸಾವಿರ ಮಂದಿಯನ್ನೇ ಪರೀಕ್ಷಿಸಿದಾಗ ಒಬ್ಬರಿಗೆ ಎಂದುಕೊಳ್ಳಿ. ಸುಮ್ಮನೆ ಕೂಡಿಸಿದರೆ ಶೇ 0.55. ಎರಡನೇ ರಾಜ್ಯದ ಪ್ರತಿಯೊಬ್ಬರಿಗೂ ಒಂಬತ್ತು ಪಟ್ಟು ತೂಕ ಕೊಟ್ಟರೆ ಶೇ 0.19. ಆಯ್ಕೆಯಾಗುವ ಸಾಧ್ಯತೆ ಕಡಿಮೆಯಿದ್ದಷ್ಟೂ ತೂಕ ಹೆಚ್ಚು.

ಯಾವ ತೂಕ ಎಂಬುದು ಮುಂದಿನ ಪ್ರಶ್ನೆ. ದತ್ತಾಂಶದ ಕಡತದಲ್ಲಿ ಮನೆಗೊಂದು, ಮಹಿಳೆಗೊಂದು, ಪುರುಷನಿಗೊಂದು, ಎಚ್‌ಐವಿ ಪರೀಕ್ಷೆಗೇ ಬೇರೊಂದು ತೂಕವಿದೆ. ಸಂದರ್ಶನಕ್ಕೆ ಕೂತವರೆಲ್ಲ ರಕ್ತ ಕೊಡಲಿಲ್ಲವಲ್ಲ! ರಾಜ್ಯದ ತೂಕ, ದೇಶದ ತೂಕ ಎಂಬ ಭೇದವೂ ಉಂಟು. ಕರ್ನಾಟಕದೊಳಗೆ ಮಾತ್ರ ಲೆಕ್ಕ ಹಾಕುವವರಿಗೆ ಎರಡರಲ್ಲೂ ಒಂದೇ ಉತ್ತರ ಸಿಕ್ಕೀತು. ಪಕ್ಕದ ರಾಜ್ಯವನ್ನು ಸೇರಿಸಿ ಕೂಡಿಸಿದೊಡನೆ ರಾಜ್ಯದ ತೂಕ ಕೈಕೊಡುತ್ತದೆ. ನನ್ನ ಮಟ್ಟಿಗೆ, ಯಾವ ತೂಕ ಬಳಸಿದೆವೆಂದು ಹೇಳದ ಸಂಶೋಧನಾ ಪ್ರಬಂಧವನ್ನು ಓದುವುದೇ ದಂಡ.

ತೂಕ ಹಾಕಿದ ಮೇಲೆ ಕರ್ನಾಟಕದ ಪ್ರಮಾಣ ಶೇ 0.69, ದೇಶದ್ದು ಶೇ 0.28. ಆದರೂ ಸರ್ಕಾರ ಅಂತಿಮವಾಗಿ ಒಪ್ಪಿದ್ದು ಶೇ 0.36. ಲಾಡ್ಜಿನಲ್ಲಿ, ಲಾರಿಯಲ್ಲಿ, ಬೀದಿಯಲ್ಲಿ ದಿನ ದೂಡುವವರು ಮನೆಗಳ ಪಟ್ಟಿಗೇ ಸರಿಯಾಗಿ ಸಿಕ್ಕಿರಲಿಲ್ಲ. ಸಿಗದವರಿಗೆ ತೂಕ ಕಟ್ಟುವುದು ಹೇಗೆ? ಸೋಂಕಿನ ಅಪಾಯ ಹೆಚ್ಚಿರುವ ಇಂಥ ಗುಂಪುಗಳ ಲೆಕ್ಕವನ್ನು ಬೇರೆಯಾಗಿ ತಂದು ಸೇರಿಸಬೇಕಾಯಿತು.