ಬಿಸಿಲಿನ ಬಾಡಿಗೆ ಯಾರ ಜೇಬಿಗೆ?

ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ತಿಪಟೂರು, ತುರುವೇಕೆರೆ ಕಡೆಯ ಟೀ ಅಂಗಡಿಗಳಲ್ಲಿ ಒಂದು ಮಾತು ಏಳುತ್ತದೆ: ‘ಪಾವಗಡದವರ ಹಾಗೆ ಸೋಲಾರ್‌ಗೆ ಜಮೀನು ಕೊಟ್ಟು ಆರಾಮಾಗಿ ಇರಬಹುದಿತ್ತು ಕಣಯ್ಯ.’ 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಇಳಿದಾಗ ಈ ಮಾತು ಜೋರಾಗಿತ್ತು. 2025ರಲ್ಲಿ ಬೆಲೆ 25 ಸಾವಿರ ದಾಟಿದ್ದೇ ತಡ, ಯಾರಿಗೂ ಪಾವಗಡ ನೆನಪಿಲ್ಲ. ಬೆಲೆ ಮತ್ತೆ ಬೀಳುವ ಮೊದಲೇ ಲೆಕ್ಕ ಹಾಕಿ ನೋಡುವುದು ವಾಸಿ.

ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅದಕ್ಕೆ ರೈತರ ಜಮೀನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದ ನೆಲಕ್ಕೆ ಇದು ದೊಡ್ಡ ಮೊತ್ತವೇ. ಆದರೆ ಹತ್ತು ವರ್ಷ ಕಳೆದರೂ ಆ ಬಾಡಿಗೆ 27 ಸಾವಿರ ಮುಟ್ಟುವುದಿಲ್ಲ. ಅಷ್ಟರಲ್ಲಿ ಬೇಳೆ ಬೆಲೆ, ಕಾಲೇಜು ಫೀಸು ಎಲ್ಲಿಗೆ ಏರಿರುತ್ತವೋ! ಅದೂ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ ಬಾಡಿಗೆಯೂ ಇಲ್ಲ, ಹೊಲವೂ ಇಲ್ಲ. ಸ್ಥಳೀಯರಿಗೆ ಸಿಕ್ಕ ಕೆಲಸ ಹೆಚ್ಚಾಗಿ ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು, ಕಾವಲು.

ತೆಂಗಿನ ತೋಟದ ಲೆಕ್ಕ ಬೇರೆ. ಮೂವತ್ತು ಅಡಿ ಅಂತರದಲ್ಲಿ ಎಕರೆಗೆ 48 ಮರ. ಕಾಯಿ ಕೀಳುವವರು, ಸುಲಿಯುವವರು, ಕೊಬ್ಬರಿ ಒಡೆಯುವವರು, ಹಮಾಲರು, ಚಿಪ್ಪು-ಮಟ್ಟೆ ಕೊಳ್ಳುವವರು, ಎಲ್ಲರ ಅನ್ನ ಆ ಮರಗಳಲ್ಲಿದೆ. ಅವುಗಳನ್ನು ಕಡಿದು ಪ್ಯಾನೆಲ್ ಹಾಕಿದರೆ ಲಾಭ ಒಬ್ಬರಿಗೆ, ನಷ್ಟ ಹತ್ತು ಮನೆಗೆ.

ಹಾಗಂತ ನಮಗೆ ಸೋಲಾರ್ ಬೇಡವೆಂದಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಿಲ್ಲೇ ಇಲ್ಲದ ರೈತನಿಗೆ ಸೋಲಾರ್‌ನಿಂದ ಉಳಿಯುವುದೇನು? ಉಳಿಯುವುದು ಎಸ್ಕಾಂಗಳಿಗೆ ಸಹಾಯಧನ ತುಂಬುವ ಸರ್ಕಾರಕ್ಕೆ. ರೈತನಿಗೆ ಬೇಕಿರುವುದು ಹಗಲು ಹೊತ್ತಿನ ತ್ರೀ ಫೇಸ್. ರಾತ್ರಿ ಟಾರ್ಚ್ ಹಿಡಿದು, ಹಾವು-ಚಿರತೆಗೆ ಅಂಜುತ್ತ ಮೋಟರ್ ಹಾಕಲು ಹೋಗುವುದು ತಪ್ಪಿದರೆ ಅದೇ ಅವನ ಲಾಭ. ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಹಗಲು ವಿದ್ಯುತ್ ಕೊಡುವ ಕುಸುಮ್-ಸಿ ಯೋಜನೆ ಇದಕ್ಕಾಗಿಯೇ ಇದೆ. ಮೆಗಾವಾಟ್‌ಗೆ ನಾಲ್ಕೈದು ಎಕರೆ ಸಾಕು. ತೋಟ ಮುಟ್ಟಬೇಕಿಲ್ಲ, ಬರಡು ಸರ್ಕಾರಿ ಜಾಗವೂ ಆದೀತು.

ಒಂದೇ ಭಯ, ಚಿಕ್ಕನಾಯಕನಹಳ್ಳಿಯಂಥ ಕಡೆ ಬೋರ್‌ವೆಲ್ ಈಗಲೇ ಪಾತಾಳ ಮುಟ್ಟಿದೆ. ಹಗಲು ಕರೆಂಟಿನ ಜತೆಗೆ ಹನಿ ನೀರಾವರಿಯೂ ಬರಬೇಕು.

ಇನ್ನು ಕೆಲಸದ ಮಾತು. ಈ ಘಟಕಗಳ ಇನ್ವರ್ಟರ್, ಕೇಬಲ್ ನೋಡಿಕೊಳ್ಳುವುದು ಐಟಿಐ, ಡಿಪ್ಲೊಮಾ ಓದಿದವರ ಕೈಲಾಗದ್ದೇನಲ್ಲ. ಆ ಕೆಲಸ ಹೊರಗಿನವರಿಗೋ ಪಕ್ಕದೂರಿನ ಹುಡುಗ ಹುಡುಗಿಯರಿಗೋ ಎಂಬುದನ್ನು ಘಟಕ ಎದ್ದ ಮೇಲೆ ಕೇಳಿದರೆ ತಡವಾಗುತ್ತದೆ. ಜಾಗ ಗುರುತಿಸುವಾಗಲೇ ಗ್ರಾಮಸಭೆಯಲ್ಲಿ ಕೇಳಬೇಕು.